ಹೂಂ ಎನ್ನಲು ಮಾತ್ರ ಅನುಮತಿ

ಜಪಾನಿನ ಒಕಾಜಾಕಿ ಊರಿನ ಸಂಶೋಧಕರ ವಸತಿಗೃಹದಲ್ಲಿ ನಲ್ಲಿ, ಹೀಟರ್, ಬಾಗಿಲ ಬೀಗ, ಎಲ್ಲದರ ಕಾಯಿಲೆಗೂ ಕುಮಾರ್-ಸಾನ್ ಒಬ್ಬನೇ ವೈದ್ಯ. ಸಾನ್ ಎನ್ನುವುದು ಜಪಾನಿಯರು ಹೆಸರಿಗೆ ಸೇರಿಸುವ ಮರ್ಯಾದೆ. ಈ ಕುಮಾರ್-ಸಾನ್‌ನನ್ನು ಮೂರು ವರ್ಷ ಕಾಪಾಡಿದ್ದು ಜಪಾನ್ ಸರ್ಕಾರವೂ ಅಲ್ಲ, ಅಂತರರಾಷ್ಟ್ರೀಯ ನ್ಯಾಯಮಂಡಳಿಯೂ ಅಲ್ಲ. ಕಾಪಾಡಿದ್ದು ಕನ್ನಡಿಗರ ಒಂದು ಹಳೆಯ ಚಾಳಿ.

ಆ ಚಾಳಿ ನಿಮಗೂ ಗೊತ್ತು. ಪರದೇಶದಲ್ಲಿ ನಮ್ಮ ಬಣ್ಣದ ಮುಖವೊಂದು ಎದುರಾದರೆ ನಾವು ಮೊದಲು ಹಿಂದಿಯಲ್ಲಿ ಮಾತಾಡಿಸುತ್ತೇವೆ. ಉತ್ತರ ಬರದಿದ್ದರೆ ಇಂಗ್ಲಿಷು. ಹೆಸರು ಕೊಂಚ ದಕ್ಷಿಣದ್ದು ಅನಿಸಿದರೆ ಹರಕು ಮುರುಕು ತಮಿಳು. ಕನ್ನಡದಲ್ಲೊಮ್ಮೆ ಕೇಳಿ ನೋಡೋಣ ಎಂಬ ಯೋಚನೆ ತಲೆಗೆ ಬರುವ ಹೊತ್ತಿಗೆ ಆ ಮನುಷ್ಯ ಬಸ್ಸು ಹತ್ತಿ ಹೋಗಿರುತ್ತಾನೆ. ಬೆಂಗಳೂರಿನಿಂದ, ಮೈಸೂರಿನಿಂದ ಒಕಾಜಾಕಿಗೆ ಬಂದ ಸಂಶೋಧಕರೂ ಹಾಗೇ. "ಭೈಯ್ಯಾ, ಗೀಸರ್ ಕಾಮ್ ನಹೀ ಕರ್ ರಹಾ" ಎನ್ನುವರು. ಕುಮಾರ್-ಸಾನ್ ತಲೆ ಬಾಗಿಸಿ ಜಪಾನಿಯಲ್ಲಿ ಉತ್ತರ ಕೊಡುವನು. ಆಮೇಲೆ ಅವರು ಅವನ ಮುಂದೆಯೇ, "ಪಾಪ, ನೇಪಾಳದವ್ನಿರ್ಬೇಕು ಕಣೋ" ಎಂದು ತಮ್ಮತಮ್ಮಲ್ಲಿ ಮಾತಾಡಿಕೊಂಡು, ಅಲ್ಲಿಂದ ಗೈಡ್ ಮೇಲಿನ ದೂರು, ಸಿಲ್ಕ್ ಬೋರ್ಡ್ ಟ್ರಾಫಿಕ್ಕು, ಯಾರದೋ ಮದುವೆ ಎಂದು ಹರಟುವರು. ಅವನು ಆಗಲೇ ಬಿಗಿಯಾಗಿದ್ದ ಸ್ಕ್ರೂವನ್ನು ಇನ್ನಷ್ಟು ಬಿಗಿ ಮಾಡುತ್ತ ಕೂರುವನು. ಒಂದು ನಲ್ಲಿ ಸರಿಮಾಡಲು ಅರ್ಧ ದಿನ ತಗೊಳ್ತಾನೆ ಎಂದು ಅವನಿಗೆ ಕೆಟ್ಟ ಹೆಸರೂ ಬಂದಿತ್ತು. ಕನ್ನಡದವರ ಮನೆಯ ನಲ್ಲಿಗಳು ಮಾತ್ರ ಅಷ್ಟು ಹೊತ್ತು ತಗೊಳ್ಳುತ್ತವೆ ಎಂಬುದನ್ನು ಯಾರೂ ಗಮನಿಸಲಿಲ್ಲ.

ಅವನ ಪೂರ್ತಿ ಹೆಸರು ಶಿವಕುಮಾರ. ಊರು ಅರಸೀಕೆರೆ. ಅಪ್ಪ ರೈಲ್ವೆಯಲ್ಲಿದ್ದವರು, ತೀರಿಕೊಂಡು ಬಹಳ ವರ್ಷವಾಯಿತು. ಮೊಬೈಲ್ ಟವರ್ ನಿಲ್ಲಿಸುವ ಕಂಪನಿಯೊಂದು ಅವನನ್ನು ದೂರದ ದ್ವೀಪದೇಶಕ್ಕೆ ಕಳಿಸಿತ್ತು. ಅಲ್ಲಿ ಅಂತರ್ಯುದ್ಧ ನಡೆದಿತ್ತು. ಒಂದು ಸಂಜೆ ಸೇನೆಯ ದೊಡ್ಡ ಅಧಿಕಾರಿಯೊಬ್ಬ ತಾನೇ ಟವರ್ ಕೋಣೆಗೆ ಬಂದು, ಶಿವಕುಮಾರನನ್ನು ಗೋಡೆಗೆ ನಿಲ್ಲಿಸಿ, ಕಣಿವೆಯ ಹಳ್ಳಿಗಳಿಗೆ ಸಿಗ್ನಲ್ ಹೋಗದಂತೆ ಮಾಡಿಸಿದ. ಬೆಳಗಾಗುವಷ್ಟರಲ್ಲಿ ಆ ಹಳ್ಳಿಗಳಲ್ಲಿ ಜೀವಂತ ಉಳಿದವರು ಕೆಲವೇ ಮಂದಿ. ಸಹಾಯಕ್ಕೆ ಕೂಗೋಣವೆಂದರೆ ಯಾರ ಕೈಯಲ್ಲಿದ್ದ ಫೋನೂ ಕೆಲಸ ಮಾಡಲಿಲ್ಲ. ಮುಂದೆ ವಿಚಾರಣೆ ನಡೆದಾಗ ಆ ಅಧಿಕಾರಿ, ಅಂದು ನಾನು ಆ ಊರಲ್ಲೇ ಇರಲಿಲ್ಲ ಎಂದ. ಇದ್ದ ಎಂದು ಹೇಳಬಲ್ಲವನು ಭೂಮಿಯ ಮೇಲೆ ಶಿವಕುಮಾರ ಒಬ್ಬನೇ.

ಹೇಳಿದ. ಆ ಯುದ್ಧದ ಅಪರಾಧಗಳ ವಿಚಾರಣೆಗೆಂದೇ ಹುಟ್ಟಿದ ನ್ಯಾಯಮಂಡಳಿ ಟೋಕಿಯೋದ ಕೋಟೋ ಬಡಾವಣೆಯಲ್ಲಿ, ಕೊಲ್ಲಿಗೆ ಮುಖಮಾಡಿದ ಕಟ್ಟಡವೊಂದರಲ್ಲಿ ಕೂತಿತ್ತು. ಪರದೆಯ ಹಿಂದೆ ಕೂತು, ದನಿ ಬದಲಿಸುವ ಯಂತ್ರದ ಮುಂದೆ, ಇಂಗ್ಲಿಷಿನಲ್ಲಿ ಕಂಡದ್ದನ್ನು ಕಂಡ ಹಾಗೆ ಹೇಳಿದ. ಅಧಿಕಾರಿಗೆ ಶಿಕ್ಷೆಯಾಯಿತು. ಎಲ್ಲರೂ ಶಿವಕುಮಾರನ ಕೈ ಕುಲುಕಿದರು. ಇನ್ನೇನು ಊರಿಗೆ ಟಿಕೆಟ್ ಮಾಡಿಸಬೇಕು ಎನ್ನುವಾಗ ಸುದ್ದಿ ಬಂತು: ಯಾರೋ ಅಪರಿಚಿತರು ಅರಸೀಕೆರೆಯಲ್ಲಿ, ಟವರ್ ಕೆಲಸಕ್ಕೆ ಹೋದ ಹುಡುಗನ ಮನೆ ಯಾವುದು ಎಂದು ಕೇಳಿಕೊಂಡು ಓಡಾಡುತ್ತಿದ್ದಾರೆ. ಅವನ ಅಮ್ಮನನ್ನೂ ತಂಗಿ ಇಂದುವನ್ನೂ ನ್ಯಾಯಮಂಡಳಿಯವರು ಬೇರೆ ಯಾವುದೋ ಊರಿಗೆ ಸಾಗಿಸಿದರು. ಯಾವ ಊರು ಎಂದು ಅವನಿಗೆ ಹೇಳಲಿಲ್ಲ. ಅವನು ಎಲ್ಲಿದ್ದಾನೆಂದು ಅಮ್ಮನಿಗೂ ಹೇಳಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಕಾನೂನಿನವರ ಹಗ್ಗಜಗ್ಗಾಟ. ನ್ಯಾಯಮಂಡಳಿಗೆ ಜಾಗ ಕೊಟ್ಟಾಗ ಜಪಾನ್ ದೊಡ್ಡದೊಂದು ಒಪ್ಪಂದಕ್ಕೆ ಸಹಿ ಮಾಡಿತ್ತು. ಕಟ್ಟಡದೊಳಗೆ ಪೊಲೀಸರು ಕೇಳದೆ ಕಾಲಿಡುವಂತಿಲ್ಲ, ನ್ಯಾಯಾಧೀಶರ ಪೆಟ್ಟಿಗೆ ತೆರೆಯುವಂತಿಲ್ಲ, ಆರೋಪಿ ಟೋಕಿಯೋದ ನಡುವೆ ಕೂತಿದ್ದರೂ ಕಾನೂನಿನ ಕಣ್ಣಿಗೆ ಅವನು ಜಪಾನಿಗೆ ಬಂದೇ ಇಲ್ಲ. ಎಲ್ಲವನ್ನೂ ಬರೆದಿದ್ದರು. ಸಾಕ್ಷಿಗಳು ಬರುವುದಕ್ಕೂ ಹೋಗುವುದಕ್ಕೂ ಅನುಕೂಲ ಮಾಡಿಕೊಡತಕ್ಕದ್ದು ಎಂದೂ ಬರೆದಿದ್ದರು. ಬಂದವನು ಹೋಗಲಾಗದಿದ್ದರೆ ಏನು ಮಾಡತಕ್ಕದ್ದು ಎಂದು ಮಾತ್ರ ಬರೆಯಲು ಮರೆತಿದ್ದರು. ಅವನು ನಿಮ್ಮ ನೆಲದ ಮೇಲಿದ್ದಾನೆ, ನಿಮ್ಮವನು ಎಂದಿತು ನ್ಯಾಯಮಂಡಳಿ. ನಿಮ್ಮ ಕೆಲಸಕ್ಕೆ ಬಂದವನು, ನಿಮ್ಮವನು ಎಂದಿತು ಸರ್ಕಾರ. ಬಾಡಿಗೆದಾರನ ಮನೆಗೆ ಬಂದ ನೆಂಟ ಅಲ್ಲೇ ಉಳಿದುಬಿಟ್ಟರೆ ಮನೆ ಮಾಲೀಕನೂ ಬಾಡಿಗೆದಾರನೂ ಬಾಗಿಲಲ್ಲಿ ನಿಂತು ವಾದ ಮಾಡುವ ಹಾಗೆ ಮಾಡಿದರು. ನೆಂಟ ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದ.

ಕೊನೆಗೊಂದು ರಾಜಿಯಾಯಿತು. ಇರಲು ಒಕಾಜಾಕಿ, ಮಾಡಲು ದುರಸ್ತಿ ಕೆಲಸ, ಹೆಸರಿನಲ್ಲಿ ಅರ್ಧ. ಒಂದೇ ಒಂದು ಷರತ್ತು. ಹುಡುಕುವವರು ಕನ್ನಡದವನನ್ನು ಹುಡುಕುತ್ತಿದ್ದಾರೆ. ಆದ್ದರಿಂದ ಸಾಕ್ಷಿ ಕನ್ನಡ ಮಾತಾಡಕೂಡದು, ಕನ್ನಡದವನೆಂದು ಯಾರಿಗೂ ತಿಳಿಯಕೂಡದು. ತಿಳಿದರೆ ವರದಿ ಮಾಡಬೇಕು, ಬೇರೆ ಊರಿಗೆ ಹೋಗಬೇಕು. ವರ್ಷಕ್ಕೊಮ್ಮೆ ಅಮ್ಮನಿಗೆ ನಾಲ್ಕು ಸಾಲು ಕಳಿಸಬಹುದು, ಅದೂ ಇಂಗ್ಲಿಷಿನಲ್ಲಿ, ಏಕೆಂದರೆ ಕನ್ನಡದ ಸಾಲುಗಳಲ್ಲಿ ಗುಟ್ಟೇನಾದರೂ ಇದೆಯೇ ಎಂದು ಓದಿ ನೋಡಬಲ್ಲ ನಂಬಿಕಸ್ಥರು ನ್ಯಾಯಮಂಡಳಿಯಲ್ಲಿ ಒಬ್ಬರೂ ಇರಲಿಲ್ಲ. "ನಾನು ಚೆನ್ನಾಗಿದ್ದೇನೆ. ಊಟಕ್ಕೆ ತೊಂದರೆಯಿಲ್ಲ" ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ಅವನಿಗೆ ಬ್ಯಾಂಕಿಗೆ ಅರ್ಜಿ ಬರೆದಂತಾಗುತ್ತಿತ್ತು. ಅತ್ತ ತಂಗಿ ಇಂದು ಅದನ್ನು ಓದಿ ಹೇಳಿದಾಗ ಅಮ್ಮ "ಅಷ್ಟೇನಾ?" ಎಂದು ಕೇಳಿರುತ್ತಾಳೆ. ಅದು ಅವನಿಗೆ ಗೊತ್ತಿತ್ತು. ಅಮ್ಮನ ದನಿ ಮರೆತುಹೋಗುತ್ತಿದೆಯಲ್ಲ ಎಂಬ ಹೆದರಿಕೆ ಅವನಿಗೆ ಸಾವಿನ ಹೆದರಿಕೆಗಿಂತ ಹೆಚ್ಚಾಗಿತ್ತು.

ಹೀಗಿರುವಾಗ ಡಿಸೆಂಬರಿನಲ್ಲಿ ಮೈಸೂರಿನಿಂದ ಅನಸೂಯಮ್ಮ ಬಂದರು. ಎರಡನೇ ಮಹಡಿಯ ಪ್ರಣತಿಯ ತಾಯಿ. ಪ್ರಣತಿ ಮಿದುಳಿನ ಸಂಶೋಧನೆ ಮಾಡುವವಳು. ಎರಡನೇ ಹೆರಿಗೆಯಾಗಿತ್ತು, ಬಾಣಂತನಕ್ಕೆ ತಾಯಿ ಬೇಕಿತ್ತು. ಅನಸೂಯಮ್ಮನಿಗೆ ಮೇಲೆ ಹೇಳಿದ ಚಾಳಿ ಇರಲಿಲ್ಲ. ಅವರಿಗೆ ಬರುತ್ತಿದ್ದುದು ಒಂದೇ ಭಾಷೆ, ಅದನ್ನು ಎಲ್ಲರ ಹತ್ತಿರವೂ ಧಾರಾಳವಾಗಿ ಆಡುವರು. ಮೂಲೆಯಂಗಡಿ ಕೊಂಬಿನಿಯ ಹುಡುಗಿಗೆ, "ಹಾಲು ತಣ್ಣಗಿಲ್ಲದ್ದು ಕೊಡಮ್ಮ" ಎನ್ನುವರು. ಆ ಹುಡುಗಿ "ಹಾಯ್, ಹಾಯ್" ಎಂದು, ಅಂದರೆ ಹೌದು ಹೌದು ಎಂದು, ಎಲ್ಲವನ್ನೂ ಒಪ್ಪಿಕೊಂಡು ತಣ್ಣನೆಯ ಹಾಲನ್ನೇ ಕೊಡುವಳು. ಇಬ್ಬರಿಗೂ ಬೇಸರವಿರಲಿಲ್ಲ. ಕುಮಾರ್-ಸಾನ್ ಹೀಟರ್ ನೋಡಲು ಹೋದ ಮೊದಲ ದಿನವೇ ಕೇಳಿದರು:

"ಊಟ ಆಯ್ತೇನಪ್ಪಾ?"

ಇಕ್ಕಳ ಹಿಡಿದ ಅವನ ಕೈ ಹಾಗೇ ನಿಂತಿತು. ಪ್ರಣತಿ ಒಳಗಿನಿಂದಲೇ, "ಅಮ್ಮಾ, ಅವ್ರಿಗೆ ಕನ್ನಡ ಬರಲ್ಲ. ಸುಮ್ನೆ ಯಾಕೆ ಎಂಬರಾಸ್ ಮಾಡ್ತೀಯ?" ಎಂದಳು.

"ಬರದಿದ್ರೇನು? ಊಟ ಎಲ್ಲರೂ ಮಾಡ್ತಾರಲ್ಲ" ಎಂದರು ಅನಸೂಯಮ್ಮ.

ಅಂದಿನಿಂದ ದಿನವೂ ಕೇಳಿದರು. ಅವನು ದಿನವೂ ತಲೆ ಬಾಗಿಸಿ "ಸುಮಿಮಾಸೆನ್" ಎಂದು ಜಪಾನಿಯಲ್ಲಿ ಕ್ಷಮೆ ಕೇಳಿ ಪಾರಾದ. ಆ ಒಂದು ಪ್ರಶ್ನೆ ಕಿವಿಗೆ ಬೀಳಲೆಂದು ಎರಡನೇ ಮಹಡಿಯ ದೀಪಗಳನ್ನು ಬೇಡದಿದ್ದರೂ ಒರೆಸಿದ.

ಚಳಿಗಾಲದ ಮಧ್ಯಾಹ್ನಗಳಲ್ಲಿ ಅಂಗಳದ ಬೆಂಚಿಗೆ ಎಳೆಬಿಸಿಲು ಬೀಳುತ್ತಿತ್ತು. ದೂರದಲ್ಲಿ ಸೋಯಾ ಕಾಳು ಹುದುಗಿಸುವ ಮಿಸೋ ಕಾರ್ಖಾನೆಯ ಹುಳಿವಾಸನೆ ಗಾಳಿಯಲ್ಲಿರುತ್ತಿತ್ತು. ಅನಸೂಯಮ್ಮ ಅಲ್ಲಿ ಕೂತು ಮೊಮ್ಮಗಳು ಸಾಹಿತ್ಯಳಿಗೆ ಕಥೆ ಹೇಳುವರು. ನಾಲ್ಕು ವರ್ಷದ ಸಾಹಿತ್ಯಳಿಗೆ ಕನ್ನಡ ಅರ್ಥವಾಗುತ್ತಿತ್ತು, ಆದರೆ ಬಾಯಿ ತೆರೆದರೆ ಜಪಾನಿ. ಜಪಾನಿಯರೂ ನಮ್ಮ ಹಾಗೆಯೇ, ಎದುರಿನವರು ಮಾತಾಡುವಾಗ "ಉನ್, ಉನ್" ಎಂದು ತಲೆಯಾಡಿಸುತ್ತ ಕೇಳುವವರು. ಹುಡುಗಿ "ಉನ್" ಎಂದಾಗಲೆಲ್ಲ ಅಜ್ಜಿಗೆ ಸಮಾಧಾನ.

"ಹೂಂ ಅನ್ನೋರಿಲ್ಲದೆ ಕಥೆ ಹೇಳಬಾರ್ದು ಪುಟ್ಟಾ. ಕಥೆಗೆ ಶ್ರೇಯಸ್ಸಲ್ಲ" ಎನ್ನುವರು.

ಒಂದು ಮಧ್ಯಾಹ್ನ ರಾಜಕುಮಾರಿ ಬಾವಿಯೊಳಗೆ ಇಳಿಯುತ್ತಿದ್ದ ಹೊತ್ತಿಗೆ ಸಾಹಿತ್ಯ ಬೆಕ್ಕೊಂದನ್ನು ಕಂಡು ಓಡಿಹೋದಳು. ಅಜ್ಜಿ ಕಣ್ಣುಮುಚ್ಚಿ ಬಿಸಿಲು ಕಾಯಿಸುತ್ತಿದ್ದವರು ಅದನ್ನು ನೋಡಲಿಲ್ಲ. "ಕೆಳಗೆ ಇಳಿದ್ರೆ, ಏನಿದೆ ಅಲ್ಲಿ? ಒಂದು ಚಿನ್ನದ ತೊಟ್ಟಿಲು" ಎಂದು ಹೇಳಿ ನಿಲ್ಲಿಸಿದರು.

"ಹೂಂ."

ಹೇಳಿದ್ದು ಬೆಂಚಿನ ಹಿಂದೆ, ಚಳಿಗೆ ನೀರು ಹೆಪ್ಪುಗಟ್ಟದಂತೆ ಕೊಳಾಯಿಗೆ ಬಟ್ಟೆ ಸುತ್ತುತ್ತಿದ್ದ ಕುಮಾರ್-ಸಾನ್. ಬೇಕೆಂದು ಹೇಳಿದ್ದಲ್ಲ. ಕಥೆ ನಿಂತ ಕಡೆ ಬಾಯಿ ತಾನಾಗಿ ಹೇಳಿತು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಮ್ಮನ ಪಕ್ಕ ಮಲಗಿ ಅಷ್ಟು ವರ್ಷ ಹೂಂಗುಟ್ಟಿದ ಬಾಯಿ ಅದು.

ಅನಸೂಯಮ್ಮ ಕಣ್ಣು ತೆರೆದರು. ದೂರದಲ್ಲಿ ಬೆಕ್ಕಿನ ಹಿಂದೆ ಮೊಮ್ಮಗಳು. ಹಿಂದೆ ತಿರುಗಿ ನೋಡಿದರು. ಅವನು ಕೊಳಾಯಿಯ ಮೇಲೆ ಬಗ್ಗಿದ್ದ, ಕಿವಿ ಕೆಂಪಾಗಿತ್ತು. ಅವರು ಮತ್ತೆ ಮುಂದಕ್ಕೆ ತಿರುಗಿ ಕೂತು, "ತೊಟ್ಟಿಲೊಳಗೆ ಒಂದು ಮಗು" ಎಂದರು, ಸ್ವಲ್ಪ ಜೋರಾಗಿ.

ಅವತ್ತು ಅವನು ವರದಿ ಮಾಡಬೇಕಿತ್ತು. ಮಾಡಲಿಲ್ಲ. ನಾಳೆ ಮಾಡೋಣ ಎಂದುಕೊಂಡ. ಆ ನಾಳೆ ಬಂದಾಗ ಅನಸೂಯಮ್ಮ ಹೊಸ ಕಥೆ ಶುರುಮಾಡಿದ್ದರು. ಮೊಮ್ಮಗಳು ಶಿಶುವಿಹಾರಕ್ಕೆ ಹೋಗಿದ್ದರೂ ಬೆಂಚಿನ ಮೇಲೆ ಕೂತು ಕಥೆ ಹೇಳುತ್ತಿದ್ದರು. ಪ್ರಣತಿ ಗಂಡ ಅಭಿಷೇಕನಿಗೆ, "ಅಮ್ಮಂಗೆ ಲೋನ್ಲಿ ಆಗಿದೆ ಕಣೋ, ಒಬ್ಬೊಬ್ಳೇ ಮಾತಾಡ್ತಾಳೆ" ಎಂದಳು. ಒಬ್ಬೊಬ್ಬರೇ ಆಗಿರಲಿಲ್ಲ. ಕೊಳಾಯಿ ಎರಡು ತಿಂಗಳು ರಿಪೇರಿಯಾಗುತ್ತಲೇ ಇತ್ತು.

ಫೆಬ್ರವರಿಯಲ್ಲಿ ವಿದೇಶಾಂಗ ಸಚಿವಾಲಯದ ಮೋರಿತಾ-ಸಾನ್ ಬಂದರು. ಮೊದಲಿನಿಂದಲೂ ಶಿವಕುಮಾರನ ವಿಷಯ ನೋಡಿಕೊಳ್ಳುತ್ತಿದ್ದವರು, ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿಯನ್ನು ಹೇಳುವ ಮೊದಲು ಕನ್ನಡಕ ಒರೆಸುವ ಅಭ್ಯಾಸ. ಅಂದು ಬಹಳ ಹೊತ್ತು ಒರೆಸಿದರು. ಮಾರ್ಚ್ ಕೊನೆಗೆ ನ್ಯಾಯಮಂಡಳಿ ಬಾಗಿಲು ಹಾಕುತ್ತದೆ. ಅದರೊಂದಿಗೆ ಒಪ್ಪಂದವೂ ಮುಗಿಯುತ್ತದೆ. ಶಿವಕುಮಾರ ಜಪಾನಿನಲ್ಲಿ ಇರಬಹುದು, ಅದಕ್ಕೆ ಸರ್ಕಾರ ಒಪ್ಪಿದೆ. ಆದರೆ ಅಮ್ಮನಿಗೆ ಸುದ್ದಿ ತಲುಪಿಸುತ್ತಿದ್ದದ್ದು ನ್ಯಾಯಮಂಡಳಿ. ಅದು ಹೋದ ಮೇಲೆ ಆ ದಾರಿ ಇಲ್ಲ.

"ಸರ್ಕಾರ ತಲುಪಿಸಬಹುದಲ್ಲ?" ಎಂದ ಶಿವಕುಮಾರ.

"ನಿಮ್ಮ ತಾಯಿ ಎಲ್ಲಿದ್ದಾರೆಂದು ನಮಗೆ ಗೊತ್ತಿಲ್ಲ. ನ್ಯಾಯಮಂಡಳಿ ಅದನ್ನು ನಮಗೆ ಹೇಳುವಂತಿಲ್ಲ. ಹೇಳಲಿ ಎಂದು ಕೇಳುವ ಹಕ್ಕೂ ನಮಗಿಲ್ಲ" ಎಂದರು ಮೋರಿತಾ-ಸಾನ್. "ಆದರೆ ಮುಚ್ಚುವ ಮೊದಲು ಒಂದು ಫೋನ್ ಕರೆಗೆ ಅವಕಾಶ ಕೊಡುತ್ತಾರೆ. ಹತ್ತು ನಿಮಿಷ. ಅವರ ಅಧಿಕಾರಿ ಕೇಳಿಸಿಕೊಳ್ಳುತ್ತಾರೆ, ಆದ್ದರಿಂದ ನೀವು ಇಂಗ್ಲಿಷಿನಲ್ಲಿ ಮಾತಾಡಬೇಕು."

"ನಮ್ಮಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ."

"ಗೊತ್ತು. ಕನ್ನಡಕ್ಕೆ ಅನುವಾದಕರನ್ನು ಕೊಡಿ ಎಂದು ಕೇಳಿದೆ. ಆತಿಥೇಯ ರಾಷ್ಟ್ರ ಕೊಡಲಿ ಎಂದರು ಅವರು. ನಮ್ಮವರು, ಒಪ್ಪಂದದಲ್ಲಿ ಹಾಗೆಲ್ಲೂ ಇಲ್ಲ ಎಂದರು."

ಶಿವಕುಮಾರನಿಗೆ ರೇಗಿತು. ಜಪಾನಿಗೆ ಬಂದ ಮೇಲೆ ಅವನು ದನಿ ಎತ್ತಿದ್ದು ಅದೇ ಮೊದಲು. ಬೇಡ ಎಂದ. ಜೀವಮಾನದ ಕೊನೆಯ ಹತ್ತು ನಿಮಿಷ ಅಮ್ಮನ ಹತ್ತಿರ ಪರಭಾಷೆಯಲ್ಲಿ ಮಾತಾಡಿ, ಅವಳು ಏನಂದ ಏನಂದ ಎಂದು ಇಂದುವಿನ ಮುಖ ನೋಡುವುದನ್ನು ಊಹಿಸಿಕೊಳ್ಳುವುದಕ್ಕಿಂತ ಕರೆಯೇ ಬೇಡ. ಮೋರಿತಾ-ಸಾನ್ ವಾದ ಮಾಡಲಿಲ್ಲ. ಬಾಗಿ ನಮಸ್ಕರಿಸಿ, ಮನಸ್ಸು ಬದಲಾದರೆ ತಿಳಿಸಿ ಎಂದು ಹೊರಟುಹೋದರು.

ಅನಸೂಯಮ್ಮನ ಮೂರು ತಿಂಗಳ ವೀಸಾ ಮುಗಿದಿತ್ತು. ಅವರು ಹೊರಟ ದಿನ ಸೂಟ್‌ಕೇಸು ಎತ್ತಲು ಕುಮಾರ್-ಸಾನ್ ಬಂದ. ಪ್ರಣತಿ ಕೂಸನ್ನು ಎತ್ತಿಕೊಂಡು ಬಾಗಿಲಲ್ಲೇ ಕಣ್ಣೊರೆಸಿಕೊಂಡು ನಿಂತಳು. ಅಭಿಷೇಕ ಸಾಹಿತ್ಯಳ ಕೈ ಹಿಡಿದು ಟ್ಯಾಕ್ಸಿ ತರಲು ಮುಂದೆ ಹೋದ. ಮೆಟ್ಟಿಲ ತಿರುವಿನಲ್ಲಿ ಅನಸೂಯಮ್ಮ ನಿಂತರು.

"ನೀನು ಯಾರು ಏನು ಅಂತ ಕೇಳಲ್ಲಪ್ಪ" ಎಂದರು. "ಮಾತಾಡಬೇಡ ಅಂತ ಯಾರೋ ಹೇಳಿರ್ಬೇಕು. ಅದಕ್ಕೆ ಏನೋ ಕಾರಣ ಇರುತ್ತೆ. ನಾನು ಮಕ್ಕಳಿಗೂ ಹೇಳಿಲ್ಲ."

ಅವನು ಸೂಟ್‌ಕೇಸನ್ನು ಕೆಳಗಿಟ್ಟ.

"ಒಂದು ಮಾತು ಮಾತ್ರ ಹೇಳ್ತೀನಿ. ನಾನು ಮೂರು ತಿಂಗಳು ಬಾಯಿ ತುಂಬ ಮಾತಾಡಿದ್ದು ನಿನ್ನ ಹತ್ರಾನೇ. ನೀನು ಏನು ಉತ್ತರ ಕೊಟ್ಟೆ? ಬರೀ ಹೂಂ. ನನಗೆ ಅದೇ ಸಾಕಾಗಿತ್ತು ಮಗು. ಮುದುಕಿಯರಿಗೆ ಅಷ್ಟೇ ಬೇಕಾಗಿರೋದು." ಸೆರಗಿನಿಂದ ಮೂಗೊರೆಸಿಕೊಂಡರು. "ಬರ್ತೀನಪ್ಪ."

"ಹೂಂ" ಎಂದ ಅವನು. ಅದಕ್ಕಿಂತ ಹೆಚ್ಚು ಹೇಳಿದ್ದರೆ ಅತ್ತುಬಿಡುತ್ತಿದ್ದ.

ಟ್ಯಾಕ್ಸಿ ತಿರುವು ದಾಟಿದ ಮೇಲೆ ಅವನು ಬೆಂಚಿನ ಮೇಲೆ ಕೂತ. ಅಷ್ಟು ದಿನ ಹಿಂದೆ ನಿಂತೇ ಕೇಳಿದ್ದ, ಕೂತದ್ದು ಅದೇ ಮೊದಲು. ಆಮೇಲೆ ಮೋರಿತಾ-ಸಾನ್‌ಗೆ ಫೋನ್ ಮಾಡಿದ.

"ನಾನು ಮಾತಾಡುವುದಿಲ್ಲ. ಇಂಗ್ಲಿಷೂ ಬೇಡ, ಕನ್ನಡವೂ ಬೇಡ. ನಮ್ಮಮ್ಮ ಮಾತಾಡಲಿ. ನಾನು ಕೇಳುತ್ತೇನೆ. ನಿಮ್ಮವರು ಮಾತಿನ ನಡುವೆ ಉನ್ ಅನ್ನುತ್ತಾರಲ್ಲ, ಅಷ್ಟು ಮಾತ್ರ ಅನ್ನುತ್ತೇನೆ. ಅದಕ್ಕೆ ಅನುವಾದಕರು ಬೇಕಾ?"

ಆ ಕಡೆ ಕನ್ನಡಕ ಒರೆಸುವಷ್ಟು ಹೊತ್ತು ಕಾಗದ ಮಗುಚುವ ಸದ್ದು. ಷರತ್ತು ಇದ್ದದ್ದು ಸಾಕ್ಷಿ ಆಡುವ ಮಾತಿನ ಮೇಲೆ. ಸಾಕ್ಷಿಯ ತಾಯಿ ಯಾರಿಗೂ ಸಾಕ್ಷಿ ಹೇಳಿದವಳಲ್ಲ, ಯಾವ ಒಪ್ಪಂದಕ್ಕೂ ಅವಳು ಸೇರಿದವಳಲ್ಲ, ಅವಳ ಬಾಯಿಗೆ ಬೀಗ ಹಾಕುವ ಕಲಮು ಯಾವ ದೇಶದವರೂ ಬರೆದಿರಲಿಲ್ಲ. ಸಾಕ್ಷಿ ಏನನ್ನು ಕೇಳಬಾರದು ಎಂದಂತೂ ಎಲ್ಲೂ ಇರಲಿಲ್ಲ. ಆದರೂ ಕಚೇರಿಗಳು ಕಚೇರಿಗಳೇ. ಹೂಂ ಎಂಬುದು ಮಾತೋ ಅಲ್ಲವೋ ಎಂದು ಟೋಕಿಯೋದಲ್ಲಿ ದೊಡ್ಡ ಓದು ಓದಿದವರು ಮೂರು ವಾರ ಪತ್ರ ಬರೆದುಕೊಂಡರು. ಕೊನೆಗೆ ಅಲ್ಲ ಎಂದು ತೀರ್ಮಾನವಾಯಿತು. ನ್ಯಾಯಮಂಡಳಿಯ ಕೊನೆಯ ಕೆಲಸದ ದಿನ ಕರೆ ಎಂದು ಗೊತ್ತಾಯಿತು. ಅಮ್ಮ ತಾವು ಈಗಿರುವ ಊರಿನ ಹೆಸರು ಎತ್ತಬಾರದೆಂದು ಇಂದುವಿಗೆ ತಿಳಿಸಲಾಯಿತು. ಮಗ ಹೂಂ ಮಾತ್ರ ಅನ್ನುತ್ತಾನೆಂದೂ ತಿಳಿಸಲಾಯಿತು.

ನಗೋಯಾದ ಒಂದು ಸರ್ಕಾರಿ ಕಚೇರಿಯ ಕೋಣೆ. ಕಿಟಕಿಯಾಚೆ ಚೆರ್ರಿ ಮರಗಳಲ್ಲಿ ಅರಳಲೋ ಬೇಡವೋ ಎನ್ನುವ ಮೊಗ್ಗು. ಶಿವಕುಮಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಫೋನಿನಲ್ಲಿ ಅಂಗಿ ಕಾಣುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಮೋರಿತಾ-ಸಾನ್ ಮೂಲೆಯ ಕುರ್ಚಿಯಲ್ಲಿ ಕೂತರು. ಲೈನಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಸಮಯ ಹೇಳಿದರು. ಆಮೇಲೆ ಕುಕ್ಕರಿನ ಸೀಟಿ ಕೇಳಿಸಿತು, ಆಮೇಲೆ ಉಸಿರು.

"ಶಿವೂ?"

"ಹೂಂ."

ಮರೆತುಹೋಗಿದೆ ಎಂದುಕೊಂಡಿದ್ದ ದನಿ. ಸ್ವಲ್ಪ ಸವೆದಿತ್ತು, ಅಷ್ಟೆ. ಬೇರೆಲ್ಲ ಹಾಗೇ ಇತ್ತು.

"ಮಾತಾಡೋ ಹಾಗಿಲ್ವಂತೆ. ಇಂದು ಹೇಳಿದ್ಲು. ಇರಲಿ ಬಿಡು. ಚಿಕ್ಕೋನಿದ್ದಾಗ ಏನು ಮಹಾ ಮಾತಾಡ್ತಿದ್ದೆ ನೀನು. ಊಟ ಮಾಡಿದ್ಯಾ?"

"ಹೂಂ."

"ಚಳಿಗೆ ಬೆಚ್ಚಗೆ ಹೊದ್ಕೋತೀಯಾ?"

"ಹೂಂ."

"ನನ್ನ ಮಂಡಿನೋವು ಹಂಗೇ ಇದೆ. ಇಂದು ನನ್ನ ಚೆನ್ನಾಗಿ ನೋಡ್ಕೋತಾಳೆ, ಬೈತಾಳೆ ಸ್ವಲ್ಪ." ಅಮ್ಮನ ಹಿಂದಿನಿಂದ ತಂಗಿ ಏನೋ ಹೇಳಿ ನಕ್ಕಳು, ಆ ನಗು ಅರ್ಧಕ್ಕೆ ಅಳುವಾಯಿತು. ಅಮ್ಮ ಆಮೇಲೆ ದನಿ ತಗ್ಗಿಸಿ, "ನಿಜವಾಗ್ಲೂ ನೀನೇನಾ? ಬೇರೆ ಯಾರನ್ನಾದ್ರೂ ಕೂರಿಸಿದಾರಾ?" ಎಂದು ಕೇಳಿದಳು. ಅದಕ್ಕೆ ಹೂಂ ಎನ್ನಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಒಂದು ಹೂಂ ಎರಡು ಪ್ರಶ್ನೆಗೂ ಉತ್ತರವಾಗಿಬಿಡುತ್ತಿತ್ತು.

ಅಮ್ಮನೇ ದಾರಿ ಮಾಡಿಕೊಂಡಳು. "ಸರಿ, ಕೇಳು. ಒಂದೂರಲ್ಲಿ ಒಂದು ಆಡಿತ್ತು."

ಅವನು ಮೇಜಿನ ಅಂಚು ಹಿಡಿದುಕೊಂಡ. ಆ ಆಡು ಅಮ್ಮನದೇ ಸೃಷ್ಟಿ, ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿದ್ದು, ಲೋಕದಲ್ಲಿ ಇನ್ನಾರಿಗೂ ಗೊತ್ತಿಲ್ಲದ್ದು. ಸಂತೆಯಲ್ಲಿ ತಪ್ಪಿಸಿಕೊಂಡ ಆಡು ತನ್ನೂರಿಗೆ ಹೋಗಬೇಕೆಂದು ರೈಲು ಹತ್ತುತ್ತದೆ. ಟಿಕೆಟಿಲ್ಲ. ಪ್ರತಿ ಸ್ಟೇಷನ್ನಿನಲ್ಲೂ ಕಿಟಕಿಯಿಂದ ಮೂತಿ ಹೊರಗೆ ಹಾಕಿ ಇದು ನಮ್ಮೂರಾ ಎಂದು ಮೂಸಿ ನೋಡುತ್ತದೆ.

"ಟೀಸಿ ಬಂದ, ಕೋಟಿನ ಗುಂಡಿ ಹಾಕ್ಕೊಂಡು ಬಂದ" ಎಂದು ಅಮ್ಮ ನಿಲ್ಲಿಸಿದಳು.

ಹುಡುಗನಾಗಿದ್ದಾಗ ಟೀಸಿ ಬಂದ ಕೂಡಲೇ ಅವನಿಗೆ ಹೆದರಿಕೆ. ಬೇಗ ಬೇಗ ಎರಡು ಸಲ ಹೂಂ ಎಂದು ಅವನನ್ನು ದಾಟಿಸಿಬಿಡುತ್ತಿದ್ದ.

"ಹೂಂ ಹೂಂ" ಎಂದ ಶಿವಕುಮಾರ.

ಆ ಕಡೆ ಅಮ್ಮ ಉಸಿರು ಬಿಟ್ಟಿದ್ದು ಕೇಳಿಸಿತು. "ನೀನೇ" ಎಂದಳು. ಅಳಲಿಲ್ಲ. ಅತ್ತರೆ ಸಮಯ ಹೋಗುತ್ತದೆ ಎಂದು ಅವಳಿಗೂ ಗೊತ್ತಿತ್ತು. ಕಥೆ ಮುಂದುವರಿಸಿದಳು. ಬಾಣಾವರದಲ್ಲಿ ಆಡು ಮೂಸಿತು, ಇದಲ್ಲ ಎಂದಿತು. ಹೂಂ. ದೇವನೂರಲ್ಲಿ ಮೂಸಿತು, ಇದೂ ಅಲ್ಲ. ಹೂಂ. ಕಡೂರಿನಲ್ಲಿ ಯಾರೋ ಬಾಳೆಹಣ್ಣಿನ ಸಿಪ್ಪೆ ಕೊಟ್ಟರು, ತಿಂದಿತು. ಹೂಂ. ಮೂಲೆಯಲ್ಲಿ ಕೂತ ಮೋರಿತಾ-ಸಾನ್ ಒಂದಕ್ಷರವೂ ತಿಳಿಯದೆ, ತಮಗೆ ಅರಿವಿಲ್ಲದೆ, ಅವನ ಜೊತೆಗೇ ತಲೆಯಾಡಿಸುತ್ತಿದ್ದರು.

ಶಿವಕುಮಾರ ಈ ಕಥೆಯ ಕೊನೆ ಕೇಳಿದವನಲ್ಲ. ಬೀರೂರು ಬರುವ ಹೊತ್ತಿಗೆ ಅವನಿಗೆ ಯಾವಾಗಲೂ ನಿದ್ದೆ. ಆಡು ಊರು ಸೇರಿತೋ ಇಲ್ಲವೋ ಎಂದು ಬೆಳಿಗ್ಗೆ ಕೇಳಿದರೆ ಅಮ್ಮ, ರಾತ್ರಿ ಎಚ್ಚರ ಇರು, ಗೊತ್ತಾಗುತ್ತೆ ಎನ್ನುತ್ತಿದ್ದಳು. ಇವತ್ತು ಎಚ್ಚರವಾಗಿದ್ದ. ಮೈಯೆಲ್ಲ ಕಿವಿಯಾಗಿ ಎಚ್ಚರವಾಗಿದ್ದ.

"ಬೀರೂರು ಬಂತು. ಆಡು ಮೂತಿ ಹೊರಗೆ ಹಾಕ್ತು. ಮೂಸ್ತು. ಮತ್ತೆ ಮೂಸ್ತು. ಗಾಳಿಯಲ್ಲಿ ಏನೋ..."

"ಹೂಂ" ಎಂದ. ಲೈನಿನಲ್ಲಿ ಏನೂ ಇರಲಿಲ್ಲ. ಇನ್ನೊಮ್ಮೆ "ಹೂಂ" ಎಂದ. ಮತ್ತೊಮ್ಮೆ ಎಂದ. ಮೋರಿತಾ-ಸಾನ್ ಎದ್ದು ಬಂದು, ಎರಡೂ ಕೈಯಿಂದ, ಬಹಳ ಮೆಲ್ಲಗೆ ಫೋನನ್ನು ಅವನ ಕಿವಿಯಿಂದ ತೆಗೆದರು. ಹತ್ತು ನಿಮಿಷ ಮುಗಿದಿತ್ತು, ನ್ಯಾಯಮಂಡಳಿ ಮುಚ್ಚಿತ್ತು.

ಆ ಕಡೆ ಅಮ್ಮ ಕಥೆ ನಿಲ್ಲಿಸಿ ಕಾಯುತ್ತಿರುತ್ತಾಳೆ. ಹೂಂ ಬರುವುದಿಲ್ಲ. ಇನ್ನೊಂದು ಗಳಿಗೆ ಕಾಯುತ್ತಾಳೆ. ಆಮೇಲೆ, ಕ್ವಾರ್ಟರ್ಸಿನಲ್ಲಿ ಪ್ರತಿ ರಾತ್ರಿ ಅಪ್ಪನಿಗೆ ಹೇಳುತ್ತಿದ್ದ ಹಾಗೆಯೇ, ಮಗನಿಗೆ ಎಚ್ಚರವಾದೀತೆಂದು ದನಿ ತಗ್ಗಿಸಿ, ಇಂದುವಿಗೆ ಹೇಳುತ್ತಾಳೆ: ಮಲಗಿಬಿಟ್ಟ.